ಓಟಿಪಿ ಯಾರ ಫೋನಿಗೆ ಬರುತ್ತದೆ?

ರೈತರೇ ಷೇರು ಹಾಕಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಯೊಂದು ನಿಜಕ್ಕೂ ಯಾರ ಕೈಯಲ್ಲಿದೆ ಎಂದು ತಿಳಿಯಲು ಅದರ ಷೇರುದಾರರ ಪಟ್ಟಿಯನ್ನು ಬಿಚ್ಚಿ ನೋಡಬೇಕಾಗಿಲ್ಲ. ಬ್ಯಾಂಕಿನ ಓಟಿಪಿ ಯಾರ ಫೋನಿಗೆ ಬರುತ್ತದೆ, ನಿರ್ದೇಶಕರ ಡಿಜಿಟಲ್ ಸಹಿಯ ಡಾಂಗಲ್ (ಸಹಿಯ ಕೀಲಿ ಇರುವ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಯಾರ ಮೇಜಿನ ಖಾನೆಯಲ್ಲಿದೆ, ಜಿಎಸ್‌ಟಿ ನೋಂದಣಿಗೆ ಕೊಟ್ಟ ಇಮೇಲ್ ಯಾರದು ಎಂದು ಕೇಳಿದರೆ ಸಾಕು. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ರೈತ ಕಂಪನಿಗಳ, ಮಹಿಳಾ ಒಕ್ಕೂಟಗಳ ಲೆಕ್ಕಪತ್ರದ ಕೆಲಸದಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿರುವ ನನಗೆ ಈ ಪ್ರಶ್ನೆಗಳಿಗೆ ಸಿಕ್ಕಿರುವ ಉತ್ತರ ಹೆಚ್ಚುಕಡಿಮೆ ಒಂದೇ: ಎಲ್ಲದಕ್ಕೂ ಒಬ್ಬನೇ ಮನುಷ್ಯ. ಆತ ಸಾಮಾನ್ಯವಾಗಿ ಕಂಪನಿಯ ಸಿಇಒ ಆಗಿರುತ್ತಾನೆ. ಕೆಲವು ಕಡೆ ಸಿಇಒ ಕೂಡ ಆಗಿರುವುದಿಲ್ಲ; ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು, ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿಕೊಂಡು, ಹತ್ತಾರು ಸಂಘಗಳ ಕೆಲಸವನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಮಾಡಿಕೊಡುವ ಹುಡುಗನಾಗಿರುತ್ತಾನೆ.

ಕಾನೂನಿನ ಮಟ್ಟಿಗೆ ಈ ಕಂಪನಿಗಳ ಒಡೆತನದ ಬಗ್ಗೆ ಗೊಂದಲವೇ ಇಲ್ಲ. ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2002ರಲ್ಲಿ ಕಂಪನಿ ಕಾಯ್ದೆಗೆ ಸೇರಿಸಲಾದ ಉತ್ಪಾದಕ ಕಂಪನಿಯ ಅಧ್ಯಾಯವು ಸಹಕಾರ ಸಂಘದ ನಿಯಮಗಳನ್ನು ಕಂಪನಿಯ ಚೌಕಟ್ಟಿಗೆ ಹೊಂದಿಸಿತು. ಹತ್ತು ಮಂದಿ ಉತ್ಪಾದಕರು ಸೇರಿದರೆ ಕಂಪನಿ ಕಟ್ಟಬಹುದು; ನಿರ್ದೇಶಕರು 5ಕ್ಕಿಂತ ಕಡಿಮೆ ಇರುವಂತಿಲ್ಲ, 15ಕ್ಕಿಂತ ಹೆಚ್ಚು ಇರುವಂತಿಲ್ಲ; ರೈತ ಸದಸ್ಯನ ಷೇರು ಎಷ್ಟೇ ಇರಲಿ, ಮತ ಮಾತ್ರ ಒಂದೇ. 2020ರ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಸರ್ಕಾರವು ಇಂಥ 10,000 ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿದ ಮೇಲೆ ನಮ್ಮ ಭಾಗದಲ್ಲೂ ಹೋಬಳಿಗೊಂದು ಎನ್ನುವಂತೆ ಬೋರ್ಡುಗಳು ಎದ್ದವು. ಗುಡ್ಡಗಾಡಲ್ಲದ ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು. ಮೂರು ವರ್ಷಗಳ ಆಡಳಿತ ವೆಚ್ಚಕ್ಕೆಂದು ಒಂದು ಸಂಸ್ಥೆಗೆ 18 ಲಕ್ಷ ರೂಪಾಯಿಯವರೆಗೆ ನೆರವು. ಸದಸ್ಯರು ಕಟ್ಟಿದ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿ ಮೀರದಂತೆ, ಒಟ್ಟಾರೆ 15 ಲಕ್ಷದ ಮಿತಿಯಲ್ಲಿ ಅನುದಾನ. ಬಾಡಿಗೆಗೆ ಒಂದು ಗೋದಾಮು, ತೂಕದ ಯಂತ್ರ, ಎರಡು ಕಬ್ಬಿಣದ ಕಪಾಟು, ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಗೋಡೆಯ ಮೇಲೆ ನಿರ್ದೇಶಕರ ಹೆಸರುಗಳ ಪಟ್ಟಿ. ಆ ಪಟ್ಟಿಯಲ್ಲಿರುವವರಲ್ಲಿ ಲ್ಯಾಪ್‌ಟಾಪನ್ನು ತೆರೆದು ಕಂಪನಿಯ ಖಾತೆಯಲ್ಲಿ ಇಂದು ಎಷ್ಟು ಹಣವಿದೆ ಎಂದು ನೋಡಬಲ್ಲವರು ಎಷ್ಟು ಮಂದಿ ಎಂಬುದೇ ಈ ಬರಹದ ವಿಷಯ.

ಕುಷ್ಟಗಿಯ ಕಡೆಯ ಒಂದು ಗೋದಾಮಿನಲ್ಲಿ ಕುಳಿತು ಕಂಪನಿಯ ವಾರ್ಷಿಕ ವಿವರಪಟ್ಟಿಗಳನ್ನು ಸರ್ಕಾರಕ್ಕೆ ಸಲ್ಲಿಸುವಾಗ ನಡೆಯುವುದನ್ನು ಹೇಳಿದರೆ ವಿಷಯ ತಿಳಿಯಾದೀತು. ಪೋರ್ಟಲ್ ಒಬ್ಬ ನಿರ್ದೇಶಕರ ಮೊಬೈಲಿಗೆ ಓಟಿಪಿ ಕಳುಹಿಸುತ್ತದೆ. ಅವರು ಹೊಲದಲ್ಲಿ ತೊಗರಿಗೆ ಔಷಧ ಹೊಡೆಸುತ್ತಿರುತ್ತಾರೆ. ಸಿಇಒ ಫೋನು ಮಾಡುತ್ತಾನೆ. ಅವರು ಕಣ್ಣು ಕಿರಿದು ಮಾಡಿಕೊಂಡು ಅಥವಾ ಪಕ್ಕದಲ್ಲಿರುವ ಮೊಮ್ಮಗನಿಂದ ಓದಿಸಿಕೊಂಡು, ‘ಬರ್ಕೊಳ್ರಿ ಸರ, ನಾಕು, ಏಳು, ಸೊನ್ನಿ...’ ಎಂದು ಹೇಳಿ ಫೋನು ಇಡುತ್ತಾರೆ. ಯಾವುದಕ್ಕೆ ಎಂದು ಅವರು ಕೇಳುವುದಿಲ್ಲ, ಇವನು ಹೇಳುವುದೂ ಇಲ್ಲ. ಆ ಆರು ಅಂಕಿಗಳಲ್ಲಿ ಅವರು ಒಪ್ಪಿಗೆ ಕೊಟ್ಟಿರುವುದು ಲೆಕ್ಕಪತ್ರ ಸಲ್ಲಿಕೆಗೂ ಆಗಿರಬಹುದು, ಸಾಲದ ಅರ್ಜಿಗೂ ಆಗಿರಬಹುದು. ಡಿಜಿಟಲ್ ಸಹಿಯ ಕಥೆಯೂ ಇದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಸಹಿಯ ಕೀಲಿ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಸಹಿಯ ಒಡೆಯನದೇ. ನಮ್ಮಲ್ಲಿ ಅದು ಅಧ್ಯಕ್ಷರ ಹೆಸರು ಬರೆದ ಲಕೋಟೆಯೊಳಗೆ, ಪಾಸ್‌ವರ್ಡನ್ನೂ ಅದೇ ಲಕೋಟೆಯ ಮೇಲೆ ಬರೆಸಿಕೊಂಡು, ಸಿಇಒನ ಖಾನೆಯಲ್ಲಿರುತ್ತದೆ. ಹೆಚ್ಚಿನ ಸಿಇಒಗಳು ಪ್ರಾಮಾಣಿಕರು ಎಂಬುದನ್ನೂ ಇಲ್ಲೇ ಹೇಳಬೇಕು. ಅವರ ಪ್ರಾಮಾಣಿಕತೆಯೊಂದರ ಮೇಲೆಯೇ ನಾನೂರು, ಐನೂರು ಕುಟುಂಬಗಳ ಷೇರು ಹಣ ನಿಂತಿರುವುದು ನನ್ನ ಆತಂಕ.

ಇದು ನಮ್ಮ ಸೀಮೆಗೆ ಹೊಸದಲ್ಲ. ಕೊಪ್ಪಳ, ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಸರ್ಕಾರದ ಕಾಗದಪತ್ರದ ಭಾಷೆ ಉರ್ದುವಾಗಿತ್ತು. ತನ್ನದೇ ಹೊಲದ ಕಾಗದವನ್ನು ಓದಲಾಗದ ಕನ್ನಡದ ರೈತ, ಓದಬಲ್ಲವನ ಮಾತನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಿದ್ದ. ಈಗ ಕಂಪನಿ ವ್ಯವಹಾರದ ಪೋರ್ಟಲ್‌ಗಳು ಇಂಗ್ಲಿಷಿನಲ್ಲಿವೆ. ಶಾಲೆ ಕಲಿತ ನಿರ್ದೇಶಕನೂ ತೆರೆಯ ಮೇಲಿನ ಅರ್ಜಿಯ ಮುಂದೆ ತನ್ನ ಅಜ್ಜನ ಸ್ಥಿತಿಯಲ್ಲೇ ನಿಲ್ಲುತ್ತಾನೆ. ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಊರಿನ ರೈತರಲ್ಲಿ ಓದುಬರಹ ಬಲ್ಲವರು ಬೆರಳೆಣಿಕೆಯವರೇ ಇದ್ದಿರಬೇಕು. ಆದರೆ ಆ ಕಾಲದ ಸಂಘದ ವ್ಯವಹಾರ ಒಂದು ಊರಿನೊಳಗೇ ಇತ್ತು. ಯಾರು ಸಾಲ ತೆಗೆದುಕೊಂಡರು, ಯಾರು ಕಟ್ಟಲಿಲ್ಲ ಎಂಬುದು ಪುಸ್ತಕ ನೋಡದೆಯೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಇವತ್ತಿನ ರೈತ ಕಂಪನಿಯ ಸದಸ್ಯರು ಹತ್ತಾರು ಹಳ್ಳಿಗಳಲ್ಲಿ ಹರಡಿಕೊಂಡಿದ್ದಾರೆ, ಹಣ ಹೈದರಾಬಾದಿನ ಬೀಜ ವ್ಯಾಪಾರಿಗೂ ಬೆಂಗಳೂರಿನ ಖರೀದಿದಾರನಿಗೂ ಒಂದು ಕ್ಲಿಕ್ಕಿನಲ್ಲಿ ಹೋಗುತ್ತದೆ. ಕಟ್ಟೆಯ ಮೇಲೆ ಕುಳಿತು ತಿಳಿದುಕೊಳ್ಳುವ ಲೆಕ್ಕ ಇದಲ್ಲ.

ಡಿಜಿಟಲ್ ಕೌಶಲ ಮತ್ತು ನಾಯಕತ್ವ ಬೇರೆ ಬೇರೆ ತರಬೇತಿಗಳ ವಿಷಯ ಎಂಬ ಭಾವನೆ ನಮ್ಮ ಅಧಿಕಾರಿ ವರ್ಗದಲ್ಲಿ ಗಟ್ಟಿಯಾಗಿದೆ. ಮೊದಲನೆಯದನ್ನು ಸಿಬ್ಬಂದಿಗೆ ಕಲಿಸುತ್ತಾರೆ, ಎರಡನೆಯದರ ಬಗ್ಗೆ ನಿರ್ದೇಶಕರಿಗೆ ಭಾಷಣ ಮಾಡಿಸುತ್ತಾರೆ. ಎರಡೂ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ನೋಡಬೇಕಾದರೆ ಜೂನ್ ತಿಂಗಳಲ್ಲಿ ರೈತ ಕಂಪನಿಯ ಗೊಬ್ಬರದ ಮಳಿಗೆಗೆ ಬರಬೇಕು. 2018ರಿಂದ ಈಚೆಗೆ ರಸಗೊಬ್ಬರದ ಸಬ್ಸಿಡಿ ತಯಾರಕರಿಗೆ ಸಲ್ಲುವುದು ಮಳಿಗೆಯ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದಲ್ಲಿ ರೈತನ ಗುರುತಿನೊಂದಿಗೆ ಮಾರಾಟ ದಾಖಲಾದ ಮೇಲೆಯೇ. ಮುಂಗಾರಿನ ಹದ ಸಿಕ್ಕ ದಿನ ಬೆಳಿಗ್ಗೆಯೇ ಮಳಿಗೆಯ ಮುಂದೆ ಪಾಳಿ ಹಚ್ಚುತ್ತಾರೆ. ವಯಸ್ಸಾದವರ ಬೆರಳಿನ ಗೆರೆಗಳು ದುಡಿದು ಸವೆದಿರುವುದರಿಂದ ಯಂತ್ರ ಒಪ್ಪುವುದಿಲ್ಲ. ಮಣ್ಣು ಒರೆಸಿ ಮತ್ತೊಂದು ಬೆರಳು, ಅದೂ ಆಗದಿದ್ದರೆ ಇನ್ನೊಂದು. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಪಾಳಿಯಲ್ಲಿ ಗದ್ದಲ ಏಳುತ್ತದೆ. ಸೇಲ್ಸ್‌ಮನ್ ಆಗ ಮಾಡುವುದೇನೆಂದರೆ, ಆಧಾರ್ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಚೀಲ ಕೊಟ್ಟು ಕಳುಹಿಸುತ್ತಾನೆ, ಸಂಜೆ ಯಂತ್ರಕ್ಕೆ ಏರಿಸುತ್ತೇನೆ ಎಂದುಕೊಳ್ಳುತ್ತಾನೆ. ಆ ಸಂಜೆ ಬರುವುದೇ ಇಲ್ಲ. ವಾರ ಕಳೆಯುವಷ್ಟರಲ್ಲಿ ಗೋದಾಮಿನಲ್ಲಿ ಒಂದು ಚೀಲವೂ ಇರುವುದಿಲ್ಲ, ಯಂತ್ರದಲ್ಲಿ ಮಾತ್ರ ನೂರಾರು ಚೀಲ ದಾಸ್ತಾನು ಹಾಗೆಯೇ ಕುಳಿತಿರುತ್ತದೆ. ದಾಸ್ತಾನು ಇದೆಯಲ್ಲ ಎಂದು ಹೊಸ ಹಂಚಿಕೆ ತಡವಾಗುತ್ತದೆ, ತಪಾಸಣೆಗೆ ಬಂದವರು ನೋಟಿಸು ಕೊಡುತ್ತಾರೆ, ಪಕ್ಕದ ಖಾಸಗಿ ಅಂಗಡಿಯವನಿಗೆ ಯೂರಿಯಾ ಬಂದಿರುತ್ತದೆ, ತಮ್ಮದೇ ಕಂಪನಿಗೆ ಬಂದಿರುವುದಿಲ್ಲ.

ಸೇಲ್ಸ್‌ಮನ್‌ಗೆ ಯಂತ್ರ ನಡೆಸಲು ಬರುತ್ತದೆ, ಆದ್ದರಿಂದ ಇಲ್ಲಿ ಕೌಶಲದ ಕೊರತೆ ಇಲ್ಲ. ಪಾಳಿ ಎಷ್ಟೇ ಉದ್ದವಾಗಲಿ, ಊರ ಗೌಡರೇ ಬಂದು ನಿಲ್ಲಲಿ, ಯಂತ್ರಕ್ಕೆ ಏರಿಸದೆ ಚೀಲ ಹೊರಗೆ ಹೋಗಕೂಡದು ಎಂದು ಠರಾವು ಮಾಡಿ, ಆ ಠರಾವಿಗಾಗಿ ಬೈಸಿಕೊಳ್ಳಲು ತಯಾರಾಗಿ ಒಬ್ಬ ನಿರ್ದೇಶಕ ಮಳಿಗೆಯ ಮುಂದೆ ಬಂದು ನಿಲ್ಲಬೇಕಾಗಿತ್ತು. ಹಾಗೆ ನಿಲ್ಲಬೇಕಾದರೆ ಗೋದಾಮಿನ ದಾಸ್ತಾನಿಗೂ ಯಂತ್ರದ ದಾಸ್ತಾನಿಗೂ ವ್ಯತ್ಯಾಸ ಬಂದರೆ ಮುಂದೇನಾಗುತ್ತದೆ ಎಂಬುದು ಆ ನಿರ್ದೇಶಕನಿಗೆ ಗೊತ್ತಿರಬೇಕು. ಯಂತ್ರದ ಗುಂಡಿ ಒತ್ತಲು ಆತನಿಗೆ ಬಾರದಿದ್ದರೂ ನಡೆದೀತು.

ಹಾಲಿನ ಸಂಘಗಳಲ್ಲಿ ಈ ವಿಷಯ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳನ್ನು ಒಳಗೊಂಡ ರಾಬಕೊವಿ ಒಕ್ಕೂಟಕ್ಕೆ ಹಾಲು ಹಾಕುವ ಊರುಗಳಲ್ಲಿ ವಿದ್ಯುನ್ಮಾನ ತೂಕದ ಯಂತ್ರ, ಹಾಲಿನ ಜಿಡ್ಡು ಮತ್ತು ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಅಳೆಯುವ ಯಂತ್ರಗಳು ಈಗ ಹೊಸತೇನಲ್ಲ. ಕ್ಯಾನಿನಿಂದ ಹಾಲು ಸುರಿಯುತ್ತಿದ್ದಂತೆ ಲೀಟರು, ಜಿಡ್ಡಿನಂಶ, ದರ ತೆರೆಯ ಮೇಲೆ ಮೂಡುತ್ತವೆ. ಆ ತೆರೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನಾನು ಹೋದಲ್ಲೆಲ್ಲ ಮೊದಲು ನೋಡುತ್ತೇನೆ. ಹಾಲು ತಂದವರ ಕಡೆಗಿದ್ದರೆ, ಅಕ್ಷರ ಬಾರದ ಹೆಣ್ಣುಮಗಳೂ ನಾಲ್ಕು ದಿನದಲ್ಲಿ ತನ್ನ ಎಮ್ಮೆಯ ಅಂಕಿಯನ್ನು ಗುರುತು ಹಿಡಿಯುತ್ತಾಳೆ. ನಿನ್ನೆಗಿಂತ ಇವತ್ತು ಕಡಿಮೆ ಬಂದರೆ ‘ಯಾಕ ಇಳೀತು?’ ಎಂದು ಅಲ್ಲೇ ನಿಂತು ಕೇಳುತ್ತಾಳೆ. ಕಾರ್ಯದರ್ಶಿಯ ಕಡೆಗೆ ತಿರುಗಿದ್ದರೆ ಅದೇ ಯಂತ್ರ, ಅದೇ ಅಂಕಿ, ಆದರೆ ಕೇಳುವವರಿಲ್ಲ. ತೆರೆಯನ್ನು ತಿರುಗಿಸಿ ಇಡಲು ಯಾವ ತಾಂತ್ರಿಕ ತರಬೇತಿಯೂ ಬೇಕಾಗಿಲ್ಲ. ಆಡಳಿತ ಮಂಡಳಿಯ ಒಂದು ತೀರ್ಮಾನ ಸಾಕು.

ಗುಜರಾತಿನ ಆನಂದ್ ಪಟ್ಟಣದ ಅಮುಲ್ ಹಾಲು ಒಕ್ಕೂಟದ ಕಥೆಯನ್ನು ಹೇಳುವವರು ವರ್ಗೀಸ್ ಕುರಿಯನ್ ಅವರ ಹೆಸರನ್ನು ಹೇಳಿ ನಿಲ್ಲಿಸುತ್ತಾರೆ. ಖೇಡಾ ಜಿಲ್ಲೆಯ ಹಾಲು ಒಕ್ಕೂಟ 1946ರಲ್ಲಿ ನೋಂದಣಿಯಾದಾಗ ಕುರಿಯನ್ ಅಲ್ಲಿರಲೇ ಇಲ್ಲ. ಅದನ್ನು ಕಟ್ಟಿದವರು ತ್ರಿಭುವನದಾಸ್ ಪಟೇಲರು. ಹಳ್ಳಿ ಹಳ್ಳಿಯ ರೈತರ ವಿಶ್ವಾಸ ಅವರಿಗಿತ್ತು, ಯಂತ್ರ ಮತ್ತು ಮಾರುಕಟ್ಟೆಯ ತಿಳಿವಳಿಕೆ ಕುರಿಯನ್ ಅವರಿಗಿತ್ತು. ಒಬ್ಬ ಎಂಜಿನಿಯರನ್ನು ನೌಕರಿಗೆ ಇಟ್ಟುಕೊಂಡು ಅವರ ಕೆಲಸದಲ್ಲಿ ಕೈ ಹಾಕದೆ, ಹಾಗೆಂದು ಒಕ್ಕೂಟವನ್ನು ಅವರಿಗೇ ಬಿಟ್ಟುಕೊಡದೆ ನಡೆಸಿದ ಆ ಅಧ್ಯಕ್ಷರ ಪಾತ್ರದ ಬಗ್ಗೆ ನಮ್ಮ ತರಬೇತಿಗಳಲ್ಲಿ ಒಂದು ಗಂಟೆಯನ್ನೂ ಮೀಸಲಿಡುವುದಿಲ್ಲ. ನಮ್ಮ ಅಧ್ಯಕ್ಷರುಗಳು ಎರಡು ತುದಿಗಳಲ್ಲಿ ಸಿಗುತ್ತಾರೆ: ಒಬ್ಬರು ಸಿಇಒನನ್ನು ಮನೆಯ ಆಳಿನಂತೆ ನಡೆಸಿಕೊಳ್ಳುತ್ತಾರೆ, ಇನ್ನೊಬ್ಬರು ‘ನಮಗೇನ್ ತಿಳೀತದ್ರಿ, ಎಲ್ಲಾ ಅವರೇ ನೋಡ್ಕೋತಾರ’ ಎಂದು ಗೋಣು ಹಾಕುತ್ತಾರೆ. ಎರಡನೆಯವರು ಮೇಲ್ನೋಟಕ್ಕೆ ವಿನಯವಂತರಾಗಿ ಕಾಣುತ್ತಾರೆ. ಕಂಪನಿಗೆ ಹೆಚ್ಚು ಹಾನಿ ಮಾಡುವವರು ಅವರೇ ಎಂಬುದು ನನ್ನ ಅನುಭವ.

ಹಾನಿಯ ಲೆಕ್ಕ ಹೊರಬೀಳುವುದು ಸಾಮಾನ್ಯವಾಗಿ ನಾಲ್ಕನೆಯ ವರ್ಷದಲ್ಲಿ. 10,000 ಸಂಸ್ಥೆಗಳ ಆ ಕೇಂದ್ರ ಯೋಜನೆಯಲ್ಲಿ ಸಿಇಒ ಸಂಬಳಕ್ಕೆ ತಿಂಗಳಿಗೆ 25,000 ರೂಪಾಯಿಯವರೆಗೆ ನೆರವಿದೆ, ಆದರೆ ಅದು ಮೂರು ವರ್ಷಕ್ಕೆ ಮಾತ್ರ. ನೆರವು ನಿಂತ ಮೇಲೆ ಅಷ್ಟು ಸಂಬಳ ಕೊಡುವ ಲಾಭ ಕಂಪನಿಗೆ ಬಂದಿರುವುದಿಲ್ಲ, ಎಂಬಿಎ ಮಾಡಿದ ಹುಡುಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸ ಹುಡುಕಿಕೊಳ್ಳುತ್ತಾನೆ. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಅವನು ಹೋಗುವಾಗ ಕಪಾಟಿನ ಕೀಲಿಯನ್ನು ಠರಾವು ಪುಸ್ತಕದಲ್ಲಿ ಬರೆಸಿ, ಸಹಿ ಪಡೆದು ಒಪ್ಪಿಸಿಕೊಳ್ಳುತ್ತಾರೆ. ಇಮೇಲಿನ ಪಾಸ್‌ವರ್ಡನ್ನು ಒಪ್ಪಿಸಿಕೊಳ್ಳಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಕೆಲವು ತಿಂಗಳ ಮೇಲೆ ಕಂಪನಿ ನೋಂದಣಿ ಕಚೇರಿಯ ನೋಟಿಸುಗಳು ಯಾರೂ ತೆರೆಯದ ಆ ಇಮೇಲಿಗೆ ಬಂದು ಬೀಳತೊಡಗುತ್ತವೆ. ವಾರ್ಷಿಕ ಲೆಕ್ಕಪತ್ರದ ನಮೂನೆ ಒಂದು, ವಾರ್ಷಿಕ ವಿವರಪಟ್ಟಿಯ ನಮೂನೆ ಇನ್ನೊಂದು; ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಒಂದು ವರ್ಷ ತಡವಾದರೆ ಎರಡೂ ಸೇರಿ 73,000 ರೂಪಾಯಿ. ಇದು ಎಪ್ಪತ್ಮೂರು ಸದಸ್ಯರು ತಲಾ ಒಂದು ಸಾವಿರದಂತೆ ಕಟ್ಟಿದ ಷೇರು ಹಣ. ಅಷ್ಟೂ ಹಣ ಒಂದು ಕಾಳನ್ನೂ ಕೊಳ್ಳದೆ, ಒಂದು ಚೀಲವನ್ನೂ ಮಾರದೆ ಹೋಗುತ್ತದೆ. ಸತತ ಮೂರು ಹಣಕಾಸು ವರ್ಷ ಸಲ್ಲಿಸದೇ ಇದ್ದರಂತೂ ನಿರ್ದೇಶಕರ ಸ್ಥಾನಕ್ಕೇ ಕುತ್ತು.

ಸಾಲ ಕೊಡುವ ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳಿಗೆ ಈ ತೊಂದರೆ ಬೇರೆ ರೂಪದಲ್ಲಿ ಬರುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸ, ಕಿರ್ದಿಯಲ್ಲಿ ತಿದ್ದುವಷ್ಟು ಸುಲಭವಾಗಿ ತಂತ್ರಾಂಶದಲ್ಲಿ ತಿದ್ದಲಾಗುವುದಿಲ್ಲ. ಆದರೆ ಸದಸ್ಯನಿಗೆ ತನ್ನ ಸಾಲದ ಖಾತೆಯ ಚೀಟಿ ಕೈಗೆ ಬರದಿದ್ದರೆ ಗಣಕದೊಳಗಿನ ಶುದ್ಧ ಲೆಕ್ಕ ಅವನಿಗೆ ಯಾವ ಉಪಯೋಗಕ್ಕೂ ಬಾರದು.

ಆನ್‌ಲೈನ್ ಮಾರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಯಾಗಾರಗಳಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ, ಮಹಿಳಾ ಸಂಘದ ಶೇಂಗಾ ಚಟ್ನಿ ಜಗತ್ತಿನ ಮೂಲೆ ಮೂಲೆಗೆ ಹೋಗುತ್ತದೆ ಎಂದು ಚಪ್ಪಾಳೆ ಹೊಡೆಸುತ್ತಾರೆ. ಅರ್ಧ ಕಿಲೋ ಚಟ್ನಿಯ ಕೊರಿಯರ್ ಖರ್ಚನ್ನು ಯಾರೂ ಹಲಗೆಯ ಮೇಲೆ ಬರೆಯುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯಂತಹ, ತೂಕ ಕಡಿಮೆ, ಬೆಲೆ ಹೆಚ್ಚು ಇರುವ, ಭೌಗೋಳಿಕ ಸೂಚಕದ ಮಾನ್ಯತೆಯೂ ಇರುವ ವಸ್ತುವಿನ ಮಾತು ಬೇರೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿದ ಮೇಲೆ ಆ ಕಲೆಯ ಹೆಸರು ಎಲ್ಲೆಡೆ ಹರಡಿತು. ಹೆಸರು ಬಂದ ಮೇಲೆ ಕೊಳ್ಳುವವರಿಂದ ಬರುವ ವಿಚಾರಣೆಗಳಿಗೆ ಉತ್ತರ ಬರೆಯುವವರು ಯಾರು ಎಂಬ ಪ್ರಶ್ನೆ ಎಲ್ಲ ಕರಕುಶಲ ಗುಂಪುಗಳಿಗೂ ಒಂದೇ. ನಾನು ನೋಡಿದ ಹಲವು ಗುಂಪುಗಳ ಇನ್‌ಸ್ಟಾಗ್ರಾಂ ಪುಟಗಳು ಆರು ತಿಂಗಳಿಗೆಂದು ಬಂದಿದ್ದ ಸ್ವಯಂಸೇವಕರ ಫೋನಿನಲ್ಲೇ ಹುಟ್ಟಿ, ಅವರು ಊರು ಬಿಟ್ಟ ದಿನ ನಿಂತುಹೋಗಿವೆ.

ಹಾಗಾದರೆ ಕಲಿಸಬೇಕಾದದ್ದೇನು? ಗ್ರಾಮೀಣ ಡಿಜಿಟಲ್ ಸಾಕ್ಷರತೆಗೆಂದು 2017ರಲ್ಲಿ ಬಂದ ಕೇಂದ್ರದ ಅಭಿಯಾನ 6 ಕೋಟಿ ಮನೆಗಳಿಂದ ತಲಾ ಒಬ್ಬರಿಗೆ 20 ಗಂಟೆಗಳ ತರಬೇತಿಯ ಗುರಿ ಇಟ್ಟುಕೊಂಡಿತ್ತು. ಫೋನು ಹಿಡಿಯಲು, ಹಣ ಕಳುಹಿಸಲು, ಅರ್ಜಿ ಹಾಕಲು ಅಷ್ಟು ಸಾಕಾಗಬಹುದು. ಸಾಮೂಹಿಕ ಸಂಸ್ಥೆಯ ಲೆಕ್ಕವನ್ನು ಪ್ರಶ್ನಿಸಲು ಸಾಲದು. ಅದಕ್ಕೆ ಬೇಕಾದ ಅಭ್ಯಾಸ ಹೇಗಿರುತ್ತದೆ ಎಂಬುದನ್ನು ನಾನು ರಾಯಚೂರು ಜಿಲ್ಲೆಯ ಒಂದು ಸಂಜೀವಿನಿ ಒಕ್ಕೂಟದಲ್ಲಿ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಕಂಡಿದ್ದೇನೆ. ಗ್ರಾಮ ಪಂಚಾಯಿತಿ ಮಟ್ಟದ ಆ ಒಕ್ಕೂಟದ ಅಧ್ಯಕ್ಷೆಗೆ ಸಹಿ ಮಾಡಲು ಬರುತ್ತದೆ, ಓದು ಅಷ್ಟಕ್ಕಷ್ಟೇ. ಮಾಸಿಕ ಸಭೆಯಲ್ಲಿ ಆಕೆ ಮೊದಲು ಮುಖ್ಯ ಪುಸ್ತಕ ಬರಹಗಾರ್ತಿಯಿಂದ ಬ್ಯಾಂಕಿನ ಶಿಲ್ಕು ಓದಿಸುತ್ತಾರೆ. ಆಮೇಲೆ ತಮ್ಮದೇ ಫೋನಿಗೆ ಬಂದ ಬ್ಯಾಂಕಿನ ಸಂದೇಶವನ್ನು ಬೇರೊಬ್ಬ ಸದಸ್ಯೆಯ ಕೈಗೆ ಕೊಟ್ಟು, ‘ನೀ ಓದವ್ವ’ ಎನ್ನುತ್ತಾರೆ. ಪ್ರತಿ ತಿಂಗಳೂ ಓದುವವಳು ಬೇರೆ. ಎರಡು ಅಂಕಿ ಕೂಡಿದರೆ ಸಭೆ ಮುಂದುವರಿಯುತ್ತದೆ. ಕೂಡದಿದ್ದರೆ ಯಾವ ಚೆಕ್ಕು ಇನ್ನೂ ನಗದಾಗಿಲ್ಲ, ಯಾವ ಸಂಘದ ಕಂತು ಇನ್ನೂ ಜಮೆಯಾಗಿಲ್ಲ ಎಂದು ಎಲ್ಲರ ಮುಂದೆಯೇ ಹುಡುಕುತ್ತಾರೆ. ಬರಹಗಾರ್ತಿಯ ಮೇಲೆ ಅನುಮಾನವೇ ಎಂದು ನಾನು ಕೇಳಿದಾಗ, ‘ಅನುಮಾನ ಬರಬಾರದಂತನ ಓದಸ್ತೀವ್ರಿ’ ಎಂದರು. ಆ ಬರಹಗಾರ್ತಿಯೂ ಈ ಪದ್ಧತಿಯನ್ನು ಇಷ್ಟಪಟ್ಟಿದ್ದಳು, ಊರಿನಲ್ಲಿ ಯಾರಾದರೂ ಹಣದ ವಿಷಯಕ್ಕೆ ಅವಳ ಮೇಲೆ ಮಾತು ತಂದರೆ ಇಡೀ ಸಭೆಯೇ ಅವಳ ಸಾಕ್ಷಿಯಾಗುತ್ತಿತ್ತು.

ಈ ಒಕ್ಕೂಟವನ್ನು ನೋಡಿದ ಮೇಲೆ ನಾನು ರೈತ ಕಂಪನಿಗಳಿಗೆ ಹೇಳುವ ಮಾತು ಬದಲಾಯಿತು. ಎಲ್ಲ ನಿರ್ದೇಶಕರೂ ಕಂಪ್ಯೂಟರ್ ಕಲಿಯಿರಿ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಬ್ಯಾಂಕಿನ ಸಂದೇಶ ಸಿಇಒ ಜೊತೆಗೆ ಖಜಾಂಚಿಯ ಫೋನಿಗೂ ಬರುವಂತೆ ಬ್ಯಾಂಕಿಗೆ ಪತ್ರ ಕೊಡಿ, ಇಮೇಲನ್ನು ಕಂಪನಿಯ ಹೆಸರಿನಲ್ಲೇ ತೆರೆದು ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬ್ಯಾಂಕ್ ಕಾಗದಗಳ ಜೊತೆಗಿಡಿ, ಓಟಿಪಿ ಹೇಳುವ ಮುನ್ನ ‘ಯಾವುದಕ್ಕ ಇದು?’ ಎಂದು ಕೇಳಿ ಡೈರಿಯಲ್ಲಿ ಒಂದು ಸಾಲು ಬರೆದುಕೊಳ್ಳಿ ಎನ್ನುತ್ತೇನೆ. ಖರೀದಿ ಮಾಡಿದ ದಿನವೇ ಸದಸ್ಯರ ವಾಟ್ಸಾಪ್ ಗುಂಪಿಗೆ ಎಷ್ಟು ಕ್ವಿಂಟಲ್, ಯಾವ ದರ, ಹಮಾಲಿ ಎಷ್ಟು, ಚೀಲದ ಬಾಬ್ತು ಎಷ್ಟು ಎಂದು ಕನ್ನಡದಲ್ಲಿ ಧ್ವನಿ ಸಂದೇಶ ಹಾಕಿಸುವ ಒಂದು ಕಂಪನಿ ಯಲಬುರ್ಗಾ ಕಡೆ ಇದೆ. ಅಡತಿ ಅಂಗಡಿಯ ಪಟ್ಟಿಯನ್ನು ಓದಲು ಕನ್ನಡಕ ಹುಡುಕುತ್ತಿದ್ದ ಹಿರಿಯರೂ ಆ ಸಂದೇಶವನ್ನು ಕೇಳಿ, ಮಾರನೆಯ ದಿನ ಗೋದಾಮಿಗೆ ಬಂದು ಹಮಾಲಿಯ ದರದ ಬಗ್ಗೆ ಜಗಳ ತೆಗೆಯುತ್ತಾರೆ. ಅಂಥ ಜಗಳ ನಡೆಯುವ ಕಂಪನಿಯ ಬಗ್ಗೆ ನನಗೆ ಭರವಸೆ ಹೆಚ್ಚು.

ಆದರೂ ಒಂದು ತೊಡಕು ಉಳಿಯುತ್ತದೆ. ಈ ಕೆಲಸಗಳನ್ನು ಊರಿನಲ್ಲೇ ಉಳಿದು ಮಾಡಬಲ್ಲವರು ಯಾರು? ಗಂಡುಹುಡುಗರು ಡಿಗ್ರಿ ಮುಗಿಸಿ ಊರು ಬಿಡುತ್ತಾರೆ. ಪಿಯುಸಿ, ಡಿಗ್ರಿ ಓದಿ ಮದುವೆಯಾಗಿ ಬಂದ ಸೊಸೆಯಂದಿರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಸಂಜೀವಿನಿಯ ಬರಹಗಾರ್ತಿಯರು, ಊರಿನವರಿಗೆ ಕೃಷಿ ಮತ್ತು ಬ್ಯಾಂಕ್ ಕೆಲಸಗಳಲ್ಲಿ ನೆರವಾಗುವ ಕೃಷಿ ಸಖಿಯರು, ಬ್ಯಾಂಕ್ ಸಖಿಯರು ಬಂದಿರುವುದು ಅವರಲ್ಲಿಂದಲೇ, ದಿನವೂ ಆ್ಯಪ್‌ಗಳಲ್ಲಿ ದಾಖಲೆ ಮಾಡುತ್ತಿರುವವರೂ ಅವರೇ. ಅದೇ ಊರಿನ ರೈತ ಕಂಪನಿಯಲ್ಲಿ ಅವರಿಗೆ ಸದಸ್ಯತ್ವವಿಲ್ಲ, ಏಕೆಂದರೆ ಸದಸ್ಯತ್ವದ ಅರ್ಜಿಯ ಜೊತೆ ಪಹಣಿ ಕೇಳುತ್ತಾರೆ, ಪಹಣಿ ಮಾವನ ಹೆಸರಿನಲ್ಲಿರುತ್ತದೆ. ಕಾನೂನು ಹೀಗೆ ಹೇಳುವುದಿಲ್ಲ. ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಿಸಿದ ಯಾವುದೇ ಚಟುವಟಿಕೆಯಲ್ಲಿ ತೊಡಗಿದವರೆಲ್ಲ ಕಾಯ್ದೆಯ ಪ್ರಕಾರ ಉತ್ಪಾದಕರೇ. ಹಸು ಕಟ್ಟಿದವಳು, ಕುರಿ ಸಾಕಿದವಳು, ಮೆಣಸಿನಕಾಯಿ ಬಿಡಿಸುವವಳು ಎಲ್ಲರೂ ಆ ಮಾತಿನೊಳಗೆ ಬರುತ್ತಾರೆ. ಪಹಣಿ ಕೇಳುವುದು ರೂಢಿ, ಅಷ್ಟೇ.

ಮೊನ್ನೆ ಒಂದು ಬೋರ್ಡ್ ಮೀಟಿಂಗಿನಲ್ಲಿ ಈ ಮಾತು ಎತ್ತಿದಾಗ ಹಿರಿಯ ನಿರ್ದೇಶಕರೊಬ್ಬರು, ಸೊಸೆ ಇವತ್ತು ಇಲ್ಲಿರುತ್ತಾಳೆ, ನಾಳೆ ಗಂಡ ದುಡಿಯಲು ಬೆಂಗಳೂರಿಗೆ ಹೋದರೆ ಹಿಂದೆಯೇ ಹೋಗುತ್ತಾಳೆ, ಅವಳ ಮೇಲೆ ಕಂಪನಿಯ ಲೆಕ್ಕ ಹೊರಿಸುವುದು ಹೇಗೆ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಸಿಇಒ ಕೂಡ ಮೂರು ವರ್ಷಕ್ಕೆ ಹೋಗುವವನೇ, ಆದ್ದರಿಂದ ಒಬ್ಬಳಿಗೆ ಹೊರಿಸುವುದು ಬೇಡ, ಮೂರು ಊರುಗಳಿಂದ ಮೂವರನ್ನು ಸದಸ್ಯರನ್ನಾಗಿ ಮಾಡಿಕೊಂಡು ಇಬ್ಬರು ಸದಾ ಕಲಿತವರು ಇರುವಂತೆ ನೋಡಿಕೊಳ್ಳೋಣ ಎಂದು ನಾನು ಹೇಳಿದೆ. ಪಹಣಿ ಬದಲಿಗೆ ಯಾವ ದಾಖಲೆ ತೆಗೆದುಕೊಳ್ಳಬೇಕು, ಹಾಲಿನ ಸಂಘದ ಪಾಸ್‌ಬುಕ್ ಸಾಕೇ, ಸ್ವಸಹಾಯ ಸಂಘದ ಠರಾವು ಬೇಕೇ ಎಂಬುದರ ಮೇಲೆ ಚರ್ಚೆ ಸಾಗಿ, ಊಟದ ಹೊತ್ತಾದರೂ ತೀರ್ಮಾನವಾಗಲಿಲ್ಲ. ಸದಸ್ಯತ್ವದ ಅರ್ಜಿ ನಮೂನೆಯ ತಿದ್ದುಪಡಿಯನ್ನು ಸೆಪ್ಟೆಂಬರ್‌ನ ಮಹಾಸಭೆಯ ವಿಷಯ ಪಟ್ಟಿಗೆ ಸೇರಿಸಿದ್ದಾರೆ.